ಅಜ್ಜನಿಗೆ ಉತ್ತರ ಕೊಡುವವರು ಯಾರು? ನಾರ್ಮನ್ ಲಿಯರ್ ನೆನಪಿನಲ್ಲಿ

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಹವ್ಯಾಸಿ ನಾಟಕ ತಂಡದವರು. ಮೊಬೈಲ್‌ನಲ್ಲಿ ನೋಡಬಹುದಾದ ಒಂದು ಹಾಸ್ಯ ಧಾರಾವಾಹಿಯನ್ನು ಬರೆಯುತ್ತಿದ್ದೇವೆ. ಕಥೆಯೆಲ್ಲ ಒಂದೇ ಮನೆಯೊಳಗೆ ನಡೆಯುತ್ತದೆ. ಮಲಯಾಳ ಎಂದರೆ ಸಿಡಿಮಿಡಿಗೊಳ್ಳುವ ಕನ್ನಡಾಭಿಮಾನಿ ಅಜ್ಜ. ಪಯ್ಯನ್ನೂರಿನ ಹುಡುಗಿಯನ್ನು ಮದುವೆಯಾಗಿ ಮನೆಗೆ ಕರೆತಂದ ಮೊಮ್ಮಗ. ಇಂತಹ ಕಥೆಗೆ ಅಮೆರಿಕದ ನಾರ್ಮನ್ ಲಿಯರ್ ಅವರ ಕೆಲಸವನ್ನು ನೋಡಿ ಎಂದು ಒಬ್ಬರು ಹೇಳಿದರು. 2023ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಬಹಳ ದೊಡ್ಡದಾಗಿ ಬರೆದದ್ದು ನೆನಪಿದೆ. ಒಬ್ಬ ನಿರ್ಮಾಪಕನಿಗೆ ಅಷ್ಟು ಗೌರವ ಏಕೆ? ಅವರಿಂದ ನಾವು ಕಲಿಯುವುದೇನು? ಅಜ್ಜನನ್ನು ನೋಡಿ ನಗಬೇಕಾದ ಪ್ರೇಕ್ಷಕರು ಅಜ್ಜನಿಗೇ ಚಪ್ಪಾಳೆ ತಟ್ಟಿಬಿಟ್ಟರೆ ಏನು ಮಾಡುವುದು ಎಂಬ ಅಂಜಿಕೆ ನಮ್ಮಲ್ಲಿ ಕೆಲವರಿಗಿದೆ.

ಉತ್ತರ: ನಿಮ್ಮ ಅಂಜಿಕೆಯಿಂದಲೇ ಆರಂಭಿಸುತ್ತೇನೆ. ಅದು ಐವತ್ತು ವರ್ಷ ಹಳೆಯ ಅಂಜಿಕೆ, ಮತ್ತು ಅದಕ್ಕೆ ಆಧಾರವಿದೆ.

ಲಿಯರ್ ಅವರ ಅತಿ ಪ್ರಸಿದ್ಧ ಧಾರಾವಾಹಿ ‘ಆಲ್ ಇನ್ ದ ಫ್ಯಾಮಿಲಿ’. 1971ರ ಜನವರಿ 12ರಂದು ಸಿಬಿಎಸ್ ವಾಹಿನಿಯಲ್ಲಿ ಆರಂಭವಾಗಿ 1979ರವರೆಗೆ ನಡೆಯಿತು. ನಮ್ಮ ಕಡೆಯ ಮನೆಗಳಿಗೆ ಟಿವಿ ಬರುವ ಹೊತ್ತಿಗೆ ಅದು ಮುಗಿದೇ ಹೋಗಿತ್ತು, ಹಾಗಾಗಿ ನಿಮ್ಮ ತಂಡದವರು ನೋಡಿರದಿದ್ದರೆ ಆಶ್ಚರ್ಯವಿಲ್ಲ. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಒಂದು ಸಾಧಾರಣ ಮನೆ. ಯಜಮಾನ ಆರ್ಚಿ ಬಂಕರ್, ಸರಕು ಇಳಿಸುವ ಕಟ್ಟೆಯ ಮೇಸ್ತ್ರಿ. ಕಪ್ಪು ಜನ, ಯಹೂದಿಗಳು, ಪೋರ್ಟೊರಿಕೊದವರು, ಹೋರಾಟಕ್ಕಿಳಿದ ಹೆಣ್ಣುಮಕ್ಕಳು, ಕೂದಲು ಬಿಟ್ಟ ವಿದ್ಯಾರ್ಥಿಗಳು ಎಲ್ಲರ ಮೇಲೂ ಆತನಿಗೆ ಸಿಟ್ಟು. ಆ ಸಿಟ್ಟನ್ನು ಊಟದ ಮೇಜಿನಲ್ಲಿ ಬಾಯಿಬಿಟ್ಟು ಹೇಳುತ್ತಾನೆ. ಎದುರಿಗೆ ಹೆಂಡತಿ ಈಡಿತ್, ಮಗಳು ಗ್ಲೋರಿಯಾ, ಮಾವನ ಮನೆಯಲ್ಲೇ ಇದ್ದು ಕಾಲೇಜು ಓದುವ ಅಳಿಯ ಮೈಕ್. ಅದಕ್ಕೂ ಮೊದಲು ಅಮೆರಿಕದ ಟಿವಿಯ ಹಾಸ್ಯ ಕುಟುಂಬಗಳಲ್ಲಿ ದೊಡ್ಡ ಸಮಸ್ಯೆ ಎಂದರೆ ಅತಿಥಿ ಬಂದಾಗ ಅಡುಗೆ ಸೀದುಹೋಗುವುದು. ಹೊರಗೆ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು, ನಗರಗಳು ಹೊತ್ತಿ ಉರಿದಿದ್ದವು. ಆ ಹೊರಗನ್ನು ಒಳಕೋಣೆಗೆ ತಂದವರು ಲಿಯರ್.

ಜನ ನಕ್ಕರು. ಸತತ ಐದು ಪ್ರಸಾರ ವರ್ಷಗಳ ಕಾಲ ಅದು ಆ ದೇಶದ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮವಾಗಿತ್ತು. ಆದರೆ ಯಾರನ್ನು ನೋಡಿ ನಕ್ಕರು? ಕಾದಂಬರಿಗಾರ್ತಿ ಲಾರಾ ಹಾಬ್ಸನ್ ಮೊದಲ ವರ್ಷವೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ದೀರ್ಘ ಲೇಖನ ಬರೆದು, ದ್ವೇಷವನ್ನು ಮುದ್ದಾಗಿ ಕಾಣಿಸಿದರೆ ದ್ವೇಷಕ್ಕೇ ಲಾಭ ಎಂದು ವಾದಿಸಿದರು. ಲಿಯರ್ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. 1974ರಲ್ಲಿ ನೀಲ್ ವಿಡ್ಮರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಸಂಶೋಧಕರು ಅಮೆರಿಕದ ಹದಿಹರೆಯದವರನ್ನೂ ಕೆನಡಾದ ವಯಸ್ಕರನ್ನೂ ಕೇಳಿ ನೋಡಿದರು. ಪೂರ್ವಗ್ರಹ ಹೆಚ್ಚಿದ್ದವರು ಆರ್ಚಿಯನ್ನೇ ಮೆಚ್ಚಿದ್ದರು, ವಾದದಲ್ಲಿ ಗೆದ್ದವನು ಅವನೇ ಎಂದು ತಿಳಿದಿದ್ದರು. ಪೂರ್ವಗ್ರಹ ಕಡಿಮೆ ಇದ್ದವರು ಅದೇ ಕಂತುಗಳನ್ನು ನೋಡಿ, ಆರ್ಚಿಯನ್ನು ಗೇಲಿ ಮಾಡಲಾಗಿದೆ ಎಂದುಕೊಂಡಿದ್ದರು. ನಿಮ್ಮ ಅಂಜಿಕೆ ಇದೇ ತಾನೆ?

ಇದನ್ನು ಓದಿ ಕಥೆಯನ್ನೇ ಕೈಬಿಡಬೇಡಿ. ನಮ್ಮ ನೆಲದಲ್ಲಿ ಈ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿದ ಒಂದು ಕಲೆ ಇದೆ, ತಾಳಮದ್ದಳೆ. ವೇಷವಿಲ್ಲದೆ ಕುಳಿತು, ಮಾತಿನಲ್ಲೇ ಪಾತ್ರವಾಗುವ ಯಕ್ಷಗಾನ ಅದು; ಹಾಗೆ ಮಾತನಾಡುವವನೇ ಅರ್ಥಧಾರಿ. ವಾಲಿವಧೆಯ ರಾತ್ರಿಯನ್ನು ನೆನಪಿಸಿಕೊಳ್ಳಿ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಕೊನೆಗೆ ಯಾರ ಮಾತು ನಿಲ್ಲಬೇಕೆಂದು ಸಭೆಗೆ ಗೊತ್ತು. ಆದರೂ ವಾಲಿಯ ಅರ್ಥಧಾರಿ ಒಂದು ಮಾತನ್ನೂ ಹಿಂದಿಟ್ಟುಕೊಳ್ಳುವುದಿಲ್ಲ. ಕಾಸರಗೋಡಿನ ಮಣ್ಣಿನವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ, ರಾವಣನಾಗಿ ಕುಳಿತಾಗ ಎದುರಿನ ರಾಮನಿಗೆ ಬೆವರು ಬರುತ್ತಿತ್ತು. ಅಂತಹ ಕೂಟ ಕೆಡುವುದು ವಾಲಿ ಪ್ರಬಲನಾದಾಗ ಅಲ್ಲ; ರಾಮನ ಅರ್ಥಧಾರಿ ಸಿದ್ಧತೆಯಿಲ್ಲದೆ ಬಂದಾಗ. ಆಗ ಸಭೆ ವಾಲಿಯ ಜೊತೆ ಮನೆಗೆ ಹೋಗುತ್ತದೆ. ಲಿಯರ್ ಅವರ ಕಂತುಗಳನ್ನೂ ಹೀಗೆಯೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಆರ್ಚಿಗೆ ಸರಿಯಾದ ಎದುರಾಳಿ ಸಿಕ್ಕ ಕಂತುಗಳು ಇಂದಿಗೂ ನಿಲ್ಲುತ್ತವೆ, ಸಿಗದ ಕಂತುಗಳು ಹಳಸಿವೆ.

ಆ ಎದುರಾಳಿ ಯಾರು ಎಂಬುದರಲ್ಲಿ ಲಿಯರ್ ಅವರ ಜಾಣ್ಮೆ ಇದೆ. ಮೊದಲ ನೋಟಕ್ಕೆ ಅಳಿಯ ಮೈಕ್ ಎನಿಸುತ್ತದೆ. ಓದಿದವನು, ಪ್ರಗತಿಪರ, ಜೋರು ಗಂಟಲು. ಆದರೆ ಮೈಕ್ ಹೆಚ್ಚು ಸಲ ಸೋಲುತ್ತಾನೆ. ಮಾವನ ಅನ್ನ ಉಂಡು ಮಾವನಿಗೆ ಉಪದೇಶ ಮಾಡುವವನ ಮಾತಿಗೆ ತೂಕ ಎಲ್ಲಿಂದ ಬರಬೇಕು? ಸಮಾನತೆಯ ಬಗ್ಗೆ ಭಾಷಣ ಮಾಡುವ ಅವನು ಹೆಂಡತಿಯ ಮುಂದೆ ಥೇಟ್ ಹಳೆಯ ಗಂಡಸೇ ಆಗುತ್ತಾನೆ, ಗ್ಲೋರಿಯಾ ಅದನ್ನು ಎತ್ತಿ ತೋರಿಸುತ್ತಾಳೆ. ಪಕ್ಕದ ಮನೆಯ ಕಪ್ಪು ಯುವಕ ಲಯನೆಲ್ ವಾದಿಸುವುದೇ ಇಲ್ಲ. ಆರ್ಚಿಯ ಮಾತನ್ನು ಅವನಿಗೇ ವಿನಯದಿಂದ ಹಿಂದಿರುಗಿಸುತ್ತಾನೆ. ಆರ್ಚಿಗೆ ಬಿಟ್ಟು ಉಳಿದೆಲ್ಲರಿಗೂ ಅರ್ಥವಾಗುತ್ತದೆ. ನಿಜವಾದ ಉತ್ತರ ಬರುವುದು ಈಡಿತ್‌ಳಿಂದ. ಆಕೆಗೆ ಸಿದ್ಧಾಂತ ಗೊತ್ತಿಲ್ಲ. ಮನೆಗೆ ಬಂದವರನ್ನು ಮನುಷ್ಯರಂತೆ ಕಾಣುತ್ತಾಳೆ, ಅಷ್ಟೆ. ಗಂಡನ ಅರ್ಧ ಗಂಟೆಯ ಆರ್ಭಟ ಅವಳ ಒಂದು ಸಾದಾ ವಾಕ್ಯದ ಮುಂದೆ ಕುಸಿಯುತ್ತದೆ. ಆ ಪಾತ್ರ ಮಾಡಿದ ಜೀನ್ ಸ್ಟೇಪಲ್ಟನ್ ಅವರ ಅಭಿನಯವನ್ನು ನೋಡುವುದಕ್ಕಾಗಿಯಾದರೂ ನಾಲ್ಕಾರು ಕಂತುಗಳನ್ನು ಹುಡುಕಿ ನೋಡಿ.

ನಿಮ್ಮ ಕಥೆಯಲ್ಲಿ ಅಜ್ಜಿಯ ಉಲ್ಲೇಖವೇ ಇಲ್ಲ. ಅಜ್ಜನಿಗೆ ಉತ್ತರ ಕೊಡುವ ಹೊಣೆಯನ್ನು ಮೊಮ್ಮಗನಿಗೆ ಒಪ್ಪಿಸಿದ್ದೀರಿ ಎಂದು ಊಹಿಸುತ್ತೇನೆ. ಅವನು ಮೈಕ್‌ನಂತೆಯೇ ಸೋಲುತ್ತಾನೆ. ಐವತ್ತು ವರ್ಷ ಪೇಟೆಯಲ್ಲಿ ಮಲಯಾಳದಲ್ಲೇ ಚೌಕಾಸಿ ಮಾಡಿ, ಮನೆಗೆ ಬಂದು ಕನ್ನಡದಲ್ಲಿ ದೇವರ ನಾಮ ಹಾಡುವ ಅಜ್ಜಿಯೊಬ್ಬಳು ನಿಮ್ಮ ಕಥೆಗೆ ಬೇಕು.

ಇನ್ನು ನಿರ್ಮಾಪಕನಿಗೆ ಏಕೆ ಅಷ್ಟು ಗೌರವ ಎಂಬ ಪ್ರಶ್ನೆ. ನಮ್ಮಲ್ಲಿ ನಿರ್ಮಾಪಕ ಎಂದರೆ ಹಣ ಹಾಕುವವನೆಂದೇ ತಿಳಿಯುತ್ತೇವೆ. ಅಮೆರಿಕದ ಟಿವಿ ಹಾಸ್ಯದಲ್ಲಿ ಬರಹಗಾರರ ಕೋಣೆಯ ಹಿರಿಯನೇ ನಿರ್ಮಾಪಕ. ಯಾವ ಕಥೆ, ಯಾವ ನಟ, ಯಾವ ಸಾಲು ಉಳಿಯಬೇಕು ಎಂಬುದೆಲ್ಲ ಅವನ ತೀರ್ಮಾನ. ವಾಹಿನಿಯವರು ಕತ್ತರಿ ಹಿಡಿದು ಬಂದಾಗ ಬಾಗಿಲಲ್ಲಿ ನಿಲ್ಲುವವನೂ ಅವನೇ. ಬ್ರಿಟನ್ನಿನ ಬಿಬಿಸಿಯಲ್ಲಿ ಜಾನಿ ಸ್ಪೈಟ್ ಬರೆದ ‘ಟಿಲ್ ಡೆತ್ ಅಸ್ ಡು ಪಾರ್ಟ್’ ಎಂಬ ಧಾರಾವಾಹಿಯೇ ಲಿಯರ್ ಅವರಿಗೆ ಮೂಲ. ಜೊತೆಗಾರ ಬಡ್ ಯಾರ್ಕಿನ್ ಅವರೊಡನೆ ಅದರ ಅಮೆರಿಕದ ರೂಪವನ್ನು ಸಿದ್ಧಪಡಿಸಿದಾಗ ಎಬಿಸಿ ವಾಹಿನಿ ಎರಡು ಸಲ ಮಾದರಿ ಕಂತು ಮಾಡಿಸಿ ಎರಡು ಸಲವೂ ಬೇಡವೆಂದಿತು. ರಾಬರ್ಟ್ ವುಡ್ ಮುಖ್ಯಸ್ಥರಾಗಿದ್ದ ಸಿಬಿಎಸ್ ಒಪ್ಪಿಕೊಂಡಿತು, ಆದರೆ ಹೆದರುತ್ತಲೇ. ಮೊದಲ ಕಂತಿಗೆ ಮುನ್ನ ಎಚ್ಚರಿಕೆಯ ಫಲಕ ತೋರಿಸಿತು, ದೂರುಗಳನ್ನು ಕೇಳಲು ಹೆಚ್ಚು ಜನರನ್ನು ಟೆಲಿಫೋನ್ ಮುಂದೆ ಕೂರಿಸಿತು.

ಆ ಮೊದಲ ಕಂತಿನ ಒಂದು ಸಾಲಿನ ಮೇಲೆ ನಡೆದ ಜಗಳವನ್ನು ನಿಮಗೆ ಹೇಳಲೇಬೇಕು. ಆರ್ಚಿ ಮತ್ತು ಈಡಿತ್ ಚರ್ಚಿನಿಂದ ಬೇಗ ಮನೆಗೆ ಬರುತ್ತಾರೆ. ಮಗಳು ಅಳಿಯ ಏಕಾಂತದಲ್ಲಿದ್ದರು ಎಂಬುದು ಗೊತ್ತಾಗುತ್ತದೆ. ‘ಭಾನುವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ!’ ಎಂದು ಆರ್ಚಿ ಉದ್ಗರಿಸುತ್ತಾನೆ. ಅಷ್ಟೇ ಸಾಲು. ವಾಹಿನಿಯವರು ಅದನ್ನು ತೆಗೆಯಿರಿ ಎಂದರು. ಲಿಯರ್ ಒಪ್ಪಲಿಲ್ಲ, ತೆಗೆದರೆ ತಾನು ಹೊರನಡೆಯುತ್ತೇನೆ ಎಂದರು. ಇಂತಹ ಸಣ್ಣ ವಿಷಯಕ್ಕೆ ಬಗ್ಗಿದರೆ ಮುಂದೆ ಪ್ರತಿ ವಾರ ಇಂತಹದ್ದಕ್ಕೇ ಬಗ್ಗಬೇಕಾಗುತ್ತದೆ ಎಂಬುದು ಅವರ ನಿಲುವು. ಸಾಲು ಉಳಿಯಿತು, ಕಂತು ಪ್ರಸಾರವಾಯಿತು, ನಿರೀಕ್ಷಿಸಿದ ಕೋಲಾಹಲವೇನೂ ಆಗಲಿಲ್ಲ. ಮುಂದೆ ಅವರು ತಂದ ವಿಷಯಗಳನ್ನು ನೋಡಿದರೆ ಅಂದಿನ ಹಟದ ಬೆಲೆ ತಿಳಿಯುತ್ತದೆ. ಅವರದೇ ‘ಮಾಡ್’ ಎಂಬ ಧಾರಾವಾಹಿಯ 47 ವರ್ಷದ ನಾಯಕಿ ಗರ್ಭಪಾತದ ನಿರ್ಧಾರ ಮಾಡುವ ಎರಡು ಕಂತುಗಳು 1972ರ ನವೆಂಬರ್‌ನಲ್ಲಿ ಬಂದವು. ಗರ್ಭಪಾತವನ್ನು ಹಕ್ಕೆಂದು ಒಪ್ಪಿದ ಅಮೆರಿಕದ ಸುಪ್ರೀಂ ಕೋರ್ಟಿನ ಪ್ರಸಿದ್ಧ ತೀರ್ಪು ಬಂದದ್ದು ಅದಾದ ಮೇಲೆ, 1973ರ ಜನವರಿಯಲ್ಲಿ. ಮರುಪ್ರಸಾರದ ಹೊತ್ತಿಗೆ ಹಲವು ಸ್ಥಳೀಯ ಕೇಂದ್ರಗಳು ಆ ಕಂತುಗಳನ್ನು ತೋರಿಸಲು ನಿರಾಕರಿಸಿದವು.

ವಾಹಿನಿಯ ಜೊತೆ ಮಾತ್ರವಲ್ಲ, ತನ್ನ ಮುಖ್ಯ ನಟನ ಜೊತೆಗೂ ಅವರು ಹೀಗೆಯೇ ನಿಂತರು. ಆರ್ಚಿಯ ಪಾತ್ರ ಮಾಡಿದ ಕ್ಯಾರಲ್ ಓಕಾನರ್ ಸ್ವತಃ ಉದಾರ ವಿಚಾರದವರು, ಬರಹವನ್ನು ಪದೇ ಪದೇ ಪ್ರಶ್ನಿಸುವ ನಟ. ಲಿಫ್ಟ್ ಕೆಟ್ಟು ನಿಂತಾಗ ಒಳಗಿದ್ದ ಪೋರ್ಟೊರಿಕೊದ ಗರ್ಭಿಣಿಗೆ ಅಲ್ಲೇ ಹೆರಿಗೆಯಾಗುವ ಕಂತನ್ನು ಅವರು ಮಾಡುವುದೇ ಇಲ್ಲ ಎಂದರು; ಮಾತು ವಕೀಲರವರೆಗೆ ಹೋಯಿತು. ಲಿಯರ್ ಹಿಂದೆ ಸರಿಯಲಿಲ್ಲ. ಈಗ ಆ ಕಂತನ್ನು ನೋಡಿದರೆ ಹೆರಿಗೆ ಕಾಣುವುದಿಲ್ಲ, ಆರ್ಚಿಯ ಮುಖ ಕಾಣುತ್ತದೆ. ಮಗುವಿನ ಅಳು ಕೇಳುವಾಗ ಆ ಮುಖದಲ್ಲಿ ಆಗುವ ಬದಲಾವಣೆಯನ್ನು ಮಾತಿನಲ್ಲಿ ಬರೆಯಲು ಯಾವ ಬರಹಗಾರನಿಂದಲೂ ಆಗದು.

ಇಷ್ಟು ಹಟ ಎಲ್ಲಿಂದ ಬಂತು? ಲಿಯರ್ ಹುಟ್ಟಿದ್ದು 1922ರ ಜುಲೈ 27ರಂದು, ಕನೆಕ್ಟಿಕಟ್ ರಾಜ್ಯದ ನ್ಯೂಹೇವನ್‌ನಲ್ಲಿ, ಯಹೂದಿ ಕುಟುಂಬದಲ್ಲಿ. ಒಂಬತ್ತು ವರ್ಷದವನಾಗಿದ್ದಾಗ ತಂದೆ ನಕಲಿ ಬಾಂಡ್ ವ್ಯವಹಾರದಲ್ಲಿ ಜೈಲಿಗೆ ಹೋದರು. ತಾಯಿ ಮನೆಯ ಸಾಮಾನು ಮಾರುತ್ತಿದ್ದಾಗ ತಂದೆ ಕೂರುತ್ತಿದ್ದ ಕೆಂಪು ಚರ್ಮದ ಕುರ್ಚಿಯನ್ನು ಯಾರೋ ಕೊಂಡುಹೋದುದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಆ ತಂದೆ ಮಹಾ ಬಾಯಾಳಿ, ಹೆಂಡತಿಯ ಬಾಯಿ ಮುಚ್ಚಿಸುವವರು, ಮಗನನ್ನು ಹಂಗಿಸುವವರು. ಆದರೂ ಮಗನಿಗೆ ಅವರ ಮೇಲೆ ಪ್ರೀತಿ. ಆರ್ಚಿಯ ಬಾಯಲ್ಲಿ ಬರುವ ಹಲವು ಮಾತುಗಳು ತಂದೆಯವೇ. ಯಾರೂ ಕೂರಬಾರದಾದ ಆರ್ಚಿಯ ಕುರ್ಚಿ 1978ರಲ್ಲಿ ಈಡಿತ್‌ಳ ಕುರ್ಚಿಯ ಜೊತೆ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಸೇರಿತು. ದ್ವೇಷಿಯೊಬ್ಬನನ್ನು ದ್ವೇಷಿಸದೆ ಬರೆಯಲು ಅವರಿಗೆ ಸಾಧ್ಯವಾದದ್ದು ಆತ ಅವರ ಮನೆಯವನೇ ಆಗಿದ್ದರಿಂದ ಎಂದು ನಾನು ನಂಬುತ್ತೇನೆ. ತನ್ನ ಬರಹಗಾರರಿಗೂ ಅವರು ಹೇಳುತ್ತಿದ್ದದ್ದು ಅದನ್ನೇ: ಪತ್ರಿಕೆ ಓದಿ, ನಿಮ್ಮ ಮನೆಯನ್ನು ನೋಡಿ, ಅಲ್ಲಿ ನಡೆದದ್ದನ್ನು ತನ್ನಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬರ್ ವಿಮಾನದಲ್ಲಿ 52 ಸಲ ಹಾರಿದ್ದು, 1980ರ ದಶಕದ ಹೊಸ್ತಿಲಲ್ಲಿ ಟಿವಿಯಿಂದ ಸರಿದು ಮತೀಯ ರಾಜಕಾರಣದ ವಿರುದ್ಧ ನಾಗರಿಕ ಸಂಘಟನೆ ಕಟ್ಟಿದ್ದು, 98ನೆಯ ವಯಸ್ಸಿನಲ್ಲೂ ಟಿವಿ ಕ್ಷೇತ್ರದ ಎಮ್ಮಿ ಪ್ರಶಸ್ತಿ ಪಡೆದದ್ದು, ಇವೆಲ್ಲ ದೊಡ್ಡ ಸಂಗತಿಗಳೇ. 2023ರ ಡಿಸೆಂಬರ್ 5ರಂದು, 101ನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳಲ್ಲಿ ಅವು ಸಿಗುತ್ತವೆ. ನಿಮ್ಮ ಕೆಲಸಕ್ಕೆ ಹೆಚ್ಚು ಬೇಕಾದದ್ದು ಅವರು ಎಡವಿದ ಜಾಗ. ಸ್ಮರಣೆಯ ಲೇಖನಗಳು ಅದನ್ನು ಬೇಗ ದಾಟಿಹೋದವು.

ಲಿಯರ್ ನಿರ್ಮಿಸಿದ 1974ರ ‘ಗುಡ್ ಟೈಮ್ಸ್’ ಷಿಕಾಗೋದ ಬಡ ಕಪ್ಪು ಕುಟುಂಬದ ಕಥೆ. ಎರಿಕ್ ಮಾಂಟೆ ಮತ್ತು ಮೈಕ್ ಇವಾನ್ಸ್ ಎಂಬ ಇಬ್ಬರು ಕಪ್ಪು ಕಲಾವಿದರು ರೂಪಿಸಿದ್ದು. ತಾಯಿ ತಂದೆ ಇಬ್ಬರೂ ಇರುವ, ದುಡಿದು ಬದುಕುವ ಇಂತಹ ಕಪ್ಪು ಕುಟುಂಬವನ್ನು ಆ ದೇಶದ ಹಾಸ್ಯ ಧಾರಾವಾಹಿ ಅಲ್ಲಿಯವರೆಗೆ ತೋರಿಸಿರಲಿಲ್ಲ. ಆದರೆ ಹಿರಿಯ ಮಗನ ಪಾತ್ರದ ಕೋಡಂಗಿ ಆಟಕ್ಕೆ ನಗು ಬಂದಂತೆಲ್ಲ ಬರಹ ಅತ್ತಲೇ ವಾಲಿತು. ತಂದೆಯ ಪಾತ್ರದ ಜಾನ್ ಏಮೋಸ್, ತಾಯಿಯ ಪಾತ್ರದ ಎಸ್ತರ್ ರೋಲ್ ಇಬ್ಬರೂ ಪ್ರತಿಭಟಿಸಿದರು. ನಮ್ಮ ಮಕ್ಕಳು ನೋಡುವ ಕಪ್ಪು ಹುಡುಗ ಇವನೇನಾ ಎಂಬುದು ಅವರ ಸಂಕಟ. ಏಮೋಸ್ ಅವರನ್ನು ತೆಗೆದುಹಾಕಲಾಯಿತು, ಕಥೆಯಲ್ಲಿ ತಂದೆ ಅಪಘಾತದಲ್ಲಿ ಸತ್ತನೆಂದು ತೋರಿಸಲಾಯಿತು. ಜಗಳಗಂಟ ನಟನಿಂದ ಪಾರಾದರು ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಏಮೋಸ್ ಹೇಳುತ್ತಿದ್ದದ್ದು ಸರಿಯಾಗಿತ್ತು. ಬಹುಪಾಲು ಬಿಳಿಯರೇ ಇದ್ದ ಬರಹಗಾರರ ಕೋಣೆ ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಇದೇ ಲಿಯರ್, ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವರು ಕಚೇರಿಗೇ ಬಂದು ‘ಟಿವಿಯಲ್ಲಿ ನಮ್ಮವರೆಲ್ಲ ಬಡವರೇ ಏಕೆ’ ಎಂದು ಗದರಿದಾಗ ಕೂತು ಕೇಳಿದ್ದರು. 1975ರಲ್ಲಿ ಬಂದ ‘ದ ಜೆಫರ್ಸನ್ಸ್’ ಎಂಬ ಸ್ಥಿತಿವಂತ ಕಪ್ಪು ಕುಟುಂಬದ ಧಾರಾವಾಹಿಯ ಹಿಂದೆ ಆ ಭೇಟಿಯೂ ಇತ್ತು. ಅದು ಹತ್ತು ವರ್ಷ ನಡೆಯಿತು.

ಈಗ ನಿಮ್ಮ ಅಜ್ಜನ ಬಳಿಗೆ ಬರೋಣ. ಅವರನ್ನು ಆರ್ಚಿಯ ಅಚ್ಚಿನಲ್ಲಿ ಎರಕ ಹೊಯ್ಯಬೇಡಿ, ಹೊಂದುವುದಿಲ್ಲ. ಆರ್ಚಿ ಬಹುಸಂಖ್ಯಾತರ ಮನೆಯವನು. ತನ್ನದೆಂದುಕೊಂಡಿದ್ದನ್ನು ಇತರರೊಡನೆ ಹಂಚಿಕೊಳ್ಳಬೇಕಾಯಿತಲ್ಲ ಎಂಬುದು ಅವನ ಸಿಟ್ಟು. ನಿಮ್ಮ ಅಜ್ಜ 1956ರ ನವೆಂಬರ್ 1ರಂದು ಹತ್ತು ವರ್ಷದ ಶಾಲಾ ಹುಡುಗನಾಗಿದ್ದರೆನ್ನಿ. ಮನೆ ಅಲ್ಲೇ ಇತ್ತು, ರಾಜ್ಯ ಬದಲಾಯಿತು; ಕಾಸರಗೋಡು ಕೇರಳಕ್ಕೆ ಸೇರಿತು. ಯೌವನದಲ್ಲಿ ಕಾಸರಗೋಡು ಕನ್ನಡ ಹೋರಾಟದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಮಾತು ಕೇಳಿ ಸಭೆಗಳಿಗೆ ಹೋಗಿರುತ್ತಾರೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದಕ್ಕಾಗಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ಹೇಳಿದಾಗ ಸಿಹಿ ಹಂಚಿರುತ್ತಾರೆ. ಏನೂ ಆಗಲಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಇಳಿವಯಸ್ಸಿನಲ್ಲಿ ಮತ್ತೊಮ್ಮೆ ಪ್ರತಿಭಟನೆಗೆ ಹೋಗಿ ನಿಂತಿರುತ್ತಾರೆ. ಓದಲು ಬಾರದ ಲಿಪಿಯ ಅರ್ಜಿಗೆ ಸಹಿ ಹಾಕಿದವರ ನೋವು ನಿಜವಾದದ್ದು. ಅದನ್ನು ನೋಡಿ ನಗಿಸಿದರೆ ನಿಮ್ಮನ್ನು ನಮ್ಮ ಜನ ಕ್ಷಮಿಸಲಾರರು, ನಾನೂ ಕ್ಷಮಿಸಲಾರೆ.

ಹಾಗಾದರೆ ಹಾಸ್ಯ ಎಲ್ಲಿ? ಅಜ್ಜ ಸರ್ಕಾರದ ಮೇಲಿನ ಸಿಟ್ಟನ್ನು ಪಯ್ಯನ್ನೂರಿನ ಹುಡುಗಿಯ ಮೇಲೆ ತೀರಿಸಿಕೊಳ್ಳುವಲ್ಲಿ. ಗಡಿಯನ್ನು ಅವಳು ಎಳೆಯಲಿಲ್ಲ, ಕಾನೂನನ್ನು ಅವಳು ಬರೆಯಲಿಲ್ಲ. ಅವಳು ಬಡಿಸಿದ ಪುಟ್ಟು ಕಡಲೆಯನ್ನು ತಿನ್ನಬೇಕೋ ಬೇಡವೋ ಎಂಬುದು ಅಜ್ಜನಿಗೆ ರಾಜ್ಯ ಪುನರ್ವಿಂಗಡಣೆಯಷ್ಟೇ ದೊಡ್ಡ ಪ್ರಶ್ನೆಯಾಗುತ್ತದೆ. ಅಲ್ಲಿ ನಗು ತಾನಾಗಿ ಬರುತ್ತದೆ, ಅಜ್ಜನ ನೋವಿಗೆ ಅವಮಾನವೂ ಆಗುವುದಿಲ್ಲ. ಅವರ ಐದು ದೂರುಗಳಲ್ಲಿ ಮೂರು ಸರಿಯಾಗಿಯೇ ಇರಲಿ. ಹುಡುಗಿಯೇ ಒಮ್ಮೆ ‘ಇದು ಅನ್ಯಾಯವೇ’ ಎಂದು ಒಪ್ಪಿಬಿಟ್ಟರೆ ಅಜ್ಜ ಏನು ಮಾಡುತ್ತಾರೆ? ಆ ದೃಶ್ಯವನ್ನು ಬರೆದು ನೋಡಿ. ಜಗಳಕ್ಕೆ ಜನವಿಲ್ಲದೆ ನಿಂತ ಮುದುಕನ ತಬ್ಬಿಬ್ಬು ನಿಮಗೆ ಎರಡು ಕಂತಿಗಾಗುವಷ್ಟು ಕಥೆ ಕೊಡುತ್ತದೆ.

ಒಂದು ಕಟುವಾದ ಮಾತನ್ನೂ ಹೇಳಬೇಕು. ಇಂತಹ ಅಜ್ಜನ ಬಾಯಲ್ಲಿ ಮಲಯಾಳದ ವಿರುದ್ಧ ಮಾತ್ರ ಮಾತು ಬರುವುದಿಲ್ಲ. ತೋಟಕ್ಕೆ ಕೆಲಸಕ್ಕೆ ಬರುವವರ ಜಾತಿಯ ಬಗ್ಗೆ, ಪೇಟೆಯ ಬ್ಯಾರಿ ವ್ಯಾಪಾರಿಯ ಬಗ್ಗೆಯೂ ಬರುತ್ತದೆ. ಭಾಷೆಯ ಪ್ರಶ್ನೆಯಲ್ಲಿ ನೊಂದವನು ಜಾತಿಯ ಪ್ರಶ್ನೆಯಲ್ಲಿ ನೋಯಿಸುವವನೂ ಆಗಿರಬಹುದು. ಸಪ್ತಭಾಷೆಗಳ ನಾಡು ಎಂದು ವೇದಿಕೆಯಲ್ಲಿ ಹೆಮ್ಮೆಪಡುವ ನಾವು ಇದನ್ನು ಒಳಮನೆಯಲ್ಲೇ ಬಿಟ್ಟುಬರುತ್ತೇವೆ. ನೀವು ಬಿಡಬೇಡಿ. 1978ರ ಒಂದು ಕಂತಿನಲ್ಲಿ ಆರ್ಚಿ ಮತ್ತು ಮೈಕ್ ಮದ್ಯದಂಗಡಿಯ ಉಗ್ರಾಣದಲ್ಲಿ ಸಿಕ್ಕಿಬೀಳುತ್ತಾರೆ. ಕುಡಿದ ಆರ್ಚಿ ತನ್ನ ತಂದೆ ಹೊಡೆದದ್ದನ್ನೂ, ಬಡತನಕ್ಕೆ ಶಾಲೆಯ ಮಕ್ಕಳು ಗೇಲಿ ಮಾಡಿದ್ದನ್ನೂ ಹೇಳುತ್ತಾನೆ. ತುತ್ತು ಹಾಕಿ ಸಾಕಿದ ತಂದೆ ಕಲಿಸಿದ್ದು ತಪ್ಪಾಗಿರಲು ಹೇಗೆ ಸಾಧ್ಯ ಎಂದು ಕೇಳುತ್ತಾನೆ. ಮೈಕ್ ವಾದ ನಿಲ್ಲಿಸುತ್ತಾನೆ. ಆರ್ಚಿಯ ದ್ವೇಷದ ಬೇರು ಕಾಣುತ್ತದೆ, ಆದರೆ ಅದಕ್ಕೆ ಮಾಫಿ ಸಿಗುವುದಿಲ್ಲ. ಅಜ್ಜನಿಗೆ ಇಂತಹ ಒಂದು ಕಂತನ್ನು ತಡವಾಗಿ ಕೊಡಿ. ಮೊದಲಲ್ಲೇ ಕೊಟ್ಟರೆ ಪ್ರೇಕ್ಷಕರ ಕನಿಕರವೆಲ್ಲ ಅವರ ಪಾಲಾಗುತ್ತದೆ.

ತಾಂತ್ರಿಕವಾಗಿ ಒಂದೇ ಸಲಹೆ. ‘ಆಲ್ ಇನ್ ದ ಫ್ಯಾಮಿಲಿ’ಯನ್ನು ಬಹುಕಾಲ ನಿಜವಾದ ಪ್ರೇಕ್ಷಕರ ಮುಂದೆ, ನಾಟಕದಂತೆ ಆಡಿಸಿ ಹಲವು ಕ್ಯಾಮೆರಾಗಳಲ್ಲಿ ಚಿತ್ರೀಕರಿಸುತ್ತಿದ್ದರು. ನಗು ಎಲ್ಲಿ ಬಂತು, ಎಲ್ಲಿ ಸಭೆ ಉಸಿರು ಬಿಗಿಹಿಡಿಯಿತು ಎಂಬುದು ಅಲ್ಲೇ ತಿಳಿಯುತ್ತಿತ್ತು. ನಿಮಗೆ ಸ್ಟುಡಿಯೋ ಬೇಕಿಲ್ಲ. ನಮ್ಮ ಊರುಗಳ ಗ್ರಂಥಾಲಯಗಳಲ್ಲಿ ಸಂಜೆ ಐವತ್ತು ಜನ ಕೂರುವ ಜಾಗವಿದೆ. ಚಿತ್ರೀಕರಣಕ್ಕೆ ಮೊದಲು ಒಂದು ಕಡೆ ಕನ್ನಡ ಮನೆಮಾತಿನವರ ಮುಂದೆ, ಇನ್ನೊಂದು ಕಡೆ ಮಲಯಾಳ ಮನೆಮಾತಿನವರ ಮುಂದೆ ಕಂತನ್ನು ಓದಿ. ಎರಡು ಕಡೆ ಬೇರೆ ಬೇರೆ ಸಾಲಿಗೆ ನಗು ಬಂದರೆ ಗುರುತು ಹಾಕಿಕೊಳ್ಳಿ. ಅಜ್ಜನ ಬೈಗುಳಕ್ಕೆ ಚಪ್ಪಾಳೆ ಬಿದ್ದು ಉತ್ತರಕ್ಕೆ ಮೌನ ಸಿಕ್ಕಿದ ಜಾಗವಿದ್ದರೆ ಬೈಗುಳಕ್ಕೆ ಕತ್ತರಿ ಹಾಕಬೇಡಿ, ಉತ್ತರವನ್ನು ಮತ್ತೆ ಬರೆಯಿರಿ.

ಹುಡುಗಿ ಮಲಯಾಳದಲ್ಲೇ ಮಾತನಾಡಲಿ, ಕೆಳಗೆ ಕನ್ನಡದಲ್ಲಿ ಅಡಿಬರಹ ಹಾಕಿ. ಅವಳ ಮಾತನ್ನು ನೀವು ಕನ್ನಡದಲ್ಲಿ ಯೋಚಿಸಿ ಮಲಯಾಳಕ್ಕೆ ಹೊರಳಿಸುವುದು ಬೇಡ. ಪಯ್ಯನ್ನೂರಿನ ಕಡೆಯ, ಸಾಧ್ಯವಾದರೆ ಆ ವಯಸ್ಸಿನ ಹೆಣ್ಣುಮಗಳೊಬ್ಬಳನ್ನು ಬರಹದ ತಂಡಕ್ಕೇ ಸೇರಿಸಿಕೊಳ್ಳಿ. ಏಮೋಸ್ ಹೇಳಿದ್ದನ್ನು ಕೇಳಿಸಿಕೊಳ್ಳುವ ಕಿವಿ ಆ ಕೋಣೆಯಲ್ಲಿ ಇರಲಿಲ್ಲ, ನಿಮ್ಮಲ್ಲಿ ಇರಲಿ. ಮೊದಲ ಕಂತು ಸಿದ್ಧವಾದ ಮೇಲೆ ಕಳುಹಿಸಿ, ಖಂಡಿತ ಓದುತ್ತೇನೆ. ಹುಡುಗಿಯ ಮಾತುಗಳನ್ನು ಯಾರು ಬರೆದರು ಎಂಬುದನ್ನು ಮೊದಲ ಪುಟದಲ್ಲೇ ನಮೂದಿಸಿರಿ.